ಏಳು ಪದರ, ಮೂರು ಪದರ: ಒಂದು ಅಪೂರ್ಣ ಪಾಠದ ಪರವಾಗಿ

ಕಳೆದ ಬೋಧನಾಭ್ಯಾಸದ ಅವಧಿಯಲ್ಲಿ ನಾನು 7ನೇ ತರಗತಿಗೆ ಮಾಡಿದ ಒಂದು ಗಣಿತ ಪಾಠದ ವೀಕ್ಷಣಾ ಹಾಳೆಯಲ್ಲಿ ಹೀಗೆ ಬರೆದಿದೆ: "ಪಾಠ ಅಪೂರ್ಣ. ಬೋಧನೋಪಕರಣ ಹಾಳಾದ ಸ್ಥಿತಿಯಲ್ಲಿತ್ತು. ಪಾಠದ ವಿಷಯಕ್ಕೆ ನೇರ ಸಂಬಂಧವಿಲ್ಲ." ಮೊದಲ ವಾಕ್ಯ ನಿಜ. ಎರಡನೆಯದೂ ನಿಜ. ಮೂರನೆಯದನ್ನು ಮಾತ್ರ ಒಪ್ಪಲಾರೆ. ವೀಕ್ಷಿಸಿದವರ ಮೇಲೆ ನನಗೆ ಬೇಸರವಿಲ್ಲ. ಕೈಯಲ್ಲಿದ್ದ ನಮೂನೆಯ ಕಾಲಂಗಳನ್ನು ಅವರು ತುಂಬಿದರು, ಅಷ್ಟೆ. ನನ್ನ ತಕರಾರು ಆ ಕಾಲಂಗಳ ಮೇಲೆ.

ಆ ಹಾಳಾದ ಬೋಧನೋಪಕರಣ ಒಂದು ಕಿಲ್ಟ್. ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಉಡುವ ನೆರಿಗೆಯ ಉಣ್ಣೆ ಉಡುಪು. ಅದನ್ನು ನಾನು ಹಳೆಯ ಕಂಬಳಿಯಿಂದ ಹೊಲಿದಿದ್ದೆ, ಹೊಲಿದು ಕೆಡಿಸಿದ್ದೆ.

ಗಣಿತ ಪಾಠಕ್ಕೂ ಕಿಲ್ಟಿಗೂ ಏನು ಸಂಬಂಧ ಎಂದು ಓದುಗರಿಗೂ ಅನ್ನಿಸಬಹುದು. ಅಭ್ಯಾಸ ಶಾಲೆಯ ವಾರ್ಷಿಕೋತ್ಸವದಲ್ಲಿ ಜಗತ್ತಿನ ಉಡುಗೆಗಳ ಮೆರವಣಿಗೆ ಇತ್ತು. ದೇಶವೆಂದರೆ ಉಡುಗೆ ಎಂದು ಮಕ್ಕಳಿಗೆ ತೋರಿಸುವ ಈ ಪದ್ಧತಿ ನನಗೆ ಅಷ್ಟು ಇಷ್ಟವಲ್ಲ, ಆದರೆ ಅದು ಬೇರೆ ವಿಷಯ. ಚೀಟಿ ಎತ್ತಿದಾಗ 7ನೇ ತರಗತಿಗೆ ಸ್ಕಾಟ್ಲೆಂಡ್ ಬಂತು. ತರಗತಿಯ ಎತ್ತರದ ಹುಡುಗನೊಬ್ಬನನ್ನು ಆರಿಸಿದರು. ಬಾಡಿಗೆ ಅಂಗಡಿಯವರು ಕೊಟ್ಟದ್ದು ಎಲಾಸ್ಟಿಕ್ ಹಾಕಿದ ಕೆಂಪು ಚೌಕುಳಿಯ ಸ್ಕರ್ಟು, ಹುಡುಗಿಯರದ್ದು. ಸಿಬ್ಬಂದಿ ಕೊಠಡಿಯಲ್ಲಿ ಅವನು ಹಾಕಿ ನೋಡುವಾಗ ಕಿಟಕಿಯಿಂದ ಯಾರೋ "ಲಂಗ, ಲಂಗ" ಎಂದು ಕೂಗಿದರು. ಮರುದಿನ ಅವನು ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಮೂರನೆಯ ದಿನ ಬಂದಾಗ ನಾನು ಅವನಿಗೆ ಸಮಾಧಾನ ಹೇಳಲು ಹೋಗಲಿಲ್ಲ. ಇಡೀ ತರಗತಿಗೆ ಒಂದು ಕಾನೂನಿನ ಬಗ್ಗೆ ಹೇಳಿದೆ. 1745ರ ದಂಗೆಯನ್ನು ಅಡಗಿಸಿದ ಮೇಲೆ, 1746ರಲ್ಲಿ ಬ್ರಿಟಿಷ್ ಸಂಸತ್ತು ಸ್ಕಾಟ್ಲೆಂಡಿನ ಗಂಡಸರು ಮತ್ತು ಗಂಡುಮಕ್ಕಳು ಈ ಮಲೆನಾಡಿನ ಉಡುಪನ್ನು ತೊಡಬಾರದೆಂದು ಕಾಯಿದೆ ಮಾಡಿತು. ಮೊದಲ ಸಲ ಸಿಕ್ಕಿಬಿದ್ದರೆ 6 ತಿಂಗಳು ಸೆರೆ. ಎರಡನೆಯ ಸಲವಾದರೆ 7 ವರ್ಷ ಸಮುದ್ರದಾಚೆಗೆ ಗಡೀಪಾರು. ಸೈನ್ಯದಲ್ಲಿದ್ದವರಿಗೆ ಮಾತ್ರ ವಿನಾಯಿತಿ. ಕಾಯಿದೆ ರದ್ದಾದದ್ದು 1782ರಲ್ಲಿ. "ಜೈಲಿಗೆ ಹಾಕ್ತಿದ್ರಾ ಸರ್, ಬಟ್ಟೆ ಹಾಕ್ಕೊಂಡಿದ್ದಕ್ಕೆ?" ಎಂದು ಕೇಳಿದವನು ಅವನೇ. ಹಿಂದಿನ ಬೆಂಚಿನ ಇನ್ನೊಬ್ಬ, "ಹಂಗಾದ್ರೆ ನಮ್ಮಜ್ಜನ ಪಂಚೆನೂ ಲಂಗಾನಾ?" ಎಂದ. ಎಲ್ಲರೂ ನಕ್ಕರು, ಈ ಸಲ ಅವನೂ ನಕ್ಕ. (ಸಮಾಜ ವಿಜ್ಞಾನ ವಿಧಾನದ ಗೆಳೆಯರಿಗೆ ಒಂದು ಸುಳಿವು: ಕಾಯಿದೆ ರದ್ದಾದ ಮರುವರ್ಷವೇ, 1783ರಲ್ಲಿ, ಟಿಪ್ಪು ಮುತ್ತಿಗೆ ಹಾಕಿದ ಮಂಗಳೂರು ಕೋಟೆಯೊಳಗೆ ಇದ್ದದ್ದು 42ನೇ ಹೈಲ್ಯಾಂಡರ್ಸ್ ದಳದ ಎರಡನೇ ಬೆಟಾಲಿಯನ್. 1784ರ ಜನವರಿಯಲ್ಲಿ ಕೋಟೆ ಶರಣಾಯಿತು. ಪಾಠವನ್ನು ಸ್ಕಾಟ್ಲೆಂಡಿನಿಂದ ಕರಾವಳಿಗೆ ತರಲು ಬಹಳ ದೂರ ಹೋಗಬೇಕಿಲ್ಲ.)

"ನಿಜವಾದ ಕಿಲ್ಟ್ ಆದ್ರೆ ಹಾಕ್ಕೋತೀನಿ" ಎಂದ ಹುಡುಗ. ನಾನು ಮಾತು ಕೊಟ್ಟುಬಿಟ್ಟೆ. ಅಮ್ಮ ಮನೆಯಲ್ಲಿ ರವಿಕೆ ಹೊಲಿಯುತ್ತಾರೆ, ಮಿಷನ್ ತುಳಿಯಲು ನನಗೂ ಬರುತ್ತದೆ. ಬಿ.ಎಸ್ಸಿ. ಮಾಡಿದವನಿಗೆ ನಾಲ್ಕು ನೆರಿಗೆ ಹಿಡಿಯುವುದು ಎಷ್ಟರ ಕೆಲಸ ಎಂದುಕೊಂಡೆ.

ಹೊಸ ಉಣ್ಣೆ ಬಟ್ಟೆ ನಮ್ಮ ಕೈಗೆಟುಕುವುದಿಲ್ಲ. ದೊಡ್ಡವರ ಪೂರ್ಣ ಪ್ರಮಾಣದ ಕಿಲ್ಟಿಗೆ ಸುಮಾರು 8 ಗಜ ಬೇಕು. ಸೈನ್ಯದಲ್ಲಿದ್ದ ನಮ್ಮ ಮಾವ ನಿವೃತ್ತರಾದಾಗ ತಂದ ಎರಡು ಬೂದು ಬಣ್ಣದ ಕಂಬಳಿಗಳು ಅಟ್ಟದ ಮೇಲಿದ್ದವು. ಒಂದರ ಮೂಲೆಯನ್ನು ಹುಳ ತಿಂದಿತ್ತು, ಉಳಿದಂತೆ ಗಟ್ಟಿ. ಚೌಕುಳಿ ಇಲ್ಲದಿದ್ದರೆ ಅದು ಕಿಲ್ಟ್ ಹೇಗಾಗುತ್ತದೆ ಎಂದು ಸಹಪಾಠಿಗಳು ಕೇಳಿದರು. ಲಂಡನ್ ಸ್ಕಾಟಿಷ್ ಎಂಬ ಸೇನಾದಳದ ಕಿಲ್ಟು ಮೊದಲಿನಿಂದಲೂ ಒಂದೇ ಬಣ್ಣದ್ದು, ಚೌಕುಳಿಯಿಲ್ಲದ 'ಹಾಡನ್ ಗ್ರೇ'. ಆದ್ದರಿಂದ ನಮ್ಮ ಬೂದು ಕಂಬಳಿಗೆ ಯಾವ ಕೀಳರಿಮೆಯೂ ಬೇಕಿರಲಿಲ್ಲ.

ಕಿಲ್ಟ್ ಸುತ್ತಲೂ ನೆರಿಗೆ ಇರುವ ಸ್ಕರ್ಟ್ ಅಲ್ಲ. ಮುಂದೆ ನೆರಿಗೆಯಿಲ್ಲದ ಎರಡು ಚಪ್ಪಟೆ ಭಾಗಗಳು ಒಂದರ ಮೇಲೊಂದು ಬರುತ್ತವೆ. ನೆರಿಗೆಯೆಲ್ಲ ಹಿಂದೆ. ಸೊಂಟದಿಂದ ಪೃಷ್ಠದವರೆಗೆ ನೆರಿಗೆಗಳನ್ನು ಹೊಲಿದು ಕೂರಿಸುತ್ತಾರೆ, ಅಲ್ಲಿಂದ ಕೆಳಗೆ ಬಿಡುತ್ತಾರೆ. ಕೆಳ ಅಂಚನ್ನು ಮಡಚಿ ಹೊಲಿಯುವುದಿಲ್ಲ. ಮಡಚಿದರೆ ನೆರಿಗೆ ದಪ್ಪವಾಗಿ ಉಬ್ಬುತ್ತದೆ. ನೇಯ್ಗೆಯ ಅಂಚನ್ನೇ ಕೆಳಗೆ ಬರುವಂತೆ ಇಟ್ಟುಕೊಳ್ಳುತ್ತಾರೆ. ಕಂಬಳಿಯಿಂದ ಹೊಲಿಯುವವರಿಗೆ ಇದೊಂದು ಅನುಕೂಲ. ನಮ್ಮ ಕಂಬಳಿ 60 ಇಂಚು ಅಗಲ, 90 ಇಂಚು ಉದ್ದ. ಹುಡುಗನಿಗೆ ಸೊಂಟದಿಂದ ಮಂಡಿಯ ನಡುವಿನವರೆಗೆ 20 ಇಂಚು. ಉದ್ದಕ್ಕೆ ಕತ್ತರಿಸಿದರೆ 20 ಇಂಚಿನ ಮೂರು ಪಟ್ಟಿ ಬರುತ್ತವೆ, ಆದರೆ ನೇಯ್ಗೆಯ ಅಂಚು ಇರುವುದು ಎರಡಕ್ಕೆ ಮಾತ್ರ. ನಡುವಿನದು ಸೊಂಟಪಟ್ಟಿಗೆ.

ಇಲ್ಲಿಂದ ನನ್ನ ಅಹಂಕಾರದ ಕಥೆ. ಹುಡುಗನ ಸೊಂಟ 26 ಇಂಚು, ಪೃಷ್ಠದ ಸುತ್ತಳತೆ 30. ಅದರಲ್ಲಿ ಅರ್ಧ ಮುಂದೆ, ಅರ್ಧ ಹಿಂದೆ. ಹಿಂದಿನ 15 ಇಂಚಿಗೆ ಒಂದೊಂದು ಇಂಚು ಕಾಣುವ 15 ನೆರಿಗೆ. ಪ್ರತಿ ನೆರಿಗೆಗೆ 7 ಇಂಚು ಬಟ್ಟೆ, ಕಾಣುವುದು 1, ಒಳಗೆ ಅಡಗುವುದು 6. ಅಲ್ಲಿಗೆ 105 ಇಂಚು. ಮುಂದಿನ ಎರಡು ಚಪ್ಪಟೆ ಭಾಗ, ಅವುಗಳ ಅಂಚು, ಪಕ್ಕದ ಆಳವಾದ ಮಡಿಕೆ ಸೇರಿ 42. ಒಟ್ಟು 147. ಒಂದು ಪಟ್ಟಿ ಸಾಲದೆ ಎರಡನ್ನು ಜೋಡಿಸಿದೆ. ಸೀಮೆಸುಣ್ಣದಲ್ಲಿ ಗುರುತು ಹಾಕುತ್ತ ಹೋದೆ, ಒಂದು ಗುರುತಿನಿಂದ ಮುಂದಿನದು, ಅಲ್ಲಿಂದ ಅದರ ಮುಂದಿನದು. ರಾತ್ರಿ ಹನ್ನೊಂದಕ್ಕೆ ಸೊಂಟಪಟ್ಟಿ ಕೂರಿಸಲು ಹೋದಾಗ 18ನೇ ನಂಬರಿನ ಸೂಜಿ ಮುರಿಯಿತು. ಇನ್ನೊಂದು ಹಾಕಿದೆ, ಅದೂ ಮುರಿಯಿತು. ಅಮ್ಮ ಎದ್ದು ಬಂದು, "ಏಳು, ನನ್ನ ಮಿಷನ್ ಮುರಿದು ಹಾಕ್ತೀಯ" ಎಂದು ಎಬ್ಬಿಸಿದರು. ಅಳೆದು ನೋಡಿದರೆ ಹಿಂಭಾಗದ ಸೊಂಟ 13 ಇಂಚು ಇರಬೇಕಾದದ್ದು 14 ಆಗಿತ್ತು. ಹಿಂದೆ ದಿಂಬು ಕಟ್ಟಿದ ಹಾಗೆ ಉಬ್ಬಿಕೊಂಡಿತ್ತು.

ಮರುದಿನ ನನ್ನ ವೀಕ್ಷಿತ ಪಾಠ. ವಿಷಯ ಭಿನ್ನರಾಶಿಗಳ ಗುಣಾಕಾರ. ಪಾಠಯೋಜನೆ ಸಿದ್ಧವಿತ್ತು; ರೊಟ್ಟಿ ತುಂಡು ಮಾಡಿದ ಚಿತ್ರದ ಚಾರ್ಟೂ ಇತ್ತು. ಬೆಳಿಗ್ಗೆ ಬಸ್ಸಿನಲ್ಲಿ ಕುಳಿತಾಗ ಎರಡೂ ನನ್ನ ತೊಡೆಯ ಮೇಲಿದ್ದವು, ಚಾರ್ಟಿನ ಸುರುಳಿ ಮತ್ತು ಕೆಟ್ಟ ಕಿಲ್ಟಿನ ಚೀಲ. ಚಾರ್ಟಿನಲ್ಲಿ ಕೇಳಲು ಏನೂ ಇರಲಿಲ್ಲ. ಉತ್ತರವನ್ನು ನಾನೇ ಬಣ್ಣ ಹಚ್ಚಿ ಬರೆದಿದ್ದೆ. ಚೀಲದಲ್ಲಿದ್ದದ್ದಕ್ಕೆ ಉತ್ತರ ನನಗೂ ಗೊತ್ತಿರಲಿಲ್ಲ.

ಕಿಲ್ಟನ್ನು ಮೇಜಿನ ಮೇಲೆ ಹರಡಿ, "ಒಂದು ಇಂಚು ಎಲ್ಲಿಂದ ಬಂತು?" ಎಂದು ಕೇಳಿದೆ. ಕೆಲವರು ಟೇಪು ತಪ್ಪು ಎಂದರು. ಕೆಲವರು ನಾನು ತಪ್ಪು ಎಂದರು. ಕಿರುಪರೀಕ್ಷೆಗಳಲ್ಲಿ ಹತ್ತಕ್ಕೆ ಮೂರು ದಾಟದ ಒಬ್ಬಳು ಹುಡುಗಿ ಎದ್ದು ಬಂದಳು. ಅವಳ ಅಮ್ಮ ಸೀರೆಗೆ ಫಾಲ್ ಹಾಕುತ್ತಾರೆ, ಇವಳು ರಜೆಯಲ್ಲಿ ಕೈ ಜೋಡಿಸುತ್ತಾಳೆ. ನೆರಿಗೆಗಳ ಮೇಲೆ ಬೆರಳಾಡಿಸಿ, "ಒಂದು ಕಡೆ ಹೋಗಿಲ್ಲ ಸರ್. ಎಲ್ಲಾ ಕಡೆ ಸ್ವಲ್ಪ ಸ್ವಲ್ಪ ಹೋಗಿದೆ" ಎಂದಳು. ಸೀಮೆಸುಣ್ಣದ ಗೆರೆಯ ದಪ್ಪ ತೋರಿಸಿದಳು. ಅಳೆದೆವು: ಹತ್ತಿರ ಹತ್ತಿರ 1/16 ಇಂಚು. ಹದಿನೈದು ಸಲ 1/16 ಎಷ್ಟು ಎಂದು ನಾನು ಕೇಳಬೇಕಾಗಲೇ ಇಲ್ಲ. ಮೂರು ಕಡೆಯಿಂದ 15/16 ಎಂಬ ಉತ್ತರ ಬಂತು. "ಹತ್ರ ಹತ್ರ ಒಂದು ಇಂಚು" ಎಂದು ಇನ್ನೊಬ್ಬ. ಪದವಿಯ ಪ್ರಯೋಗಾಲಯದಲ್ಲಿ ಮೂರು ವರ್ಷ ದೋಷದ ಅಂದಾಜು ಬರೆದವನು ನಾನು. ಪ್ರತಿ ಗುರುತನ್ನು ಹಿಂದಿನ ಗುರುತಿನಿಂದ ಅಳೆದರೆ ದೋಷ ಕೂಡುತ್ತ ಹೋಗುತ್ತದೆ, ಎಲ್ಲವನ್ನೂ ಒಂದೇ ತುದಿಯಿಂದ ಅಳೆಯಬೇಕು ಎಂಬುದು ನನ್ನ ಕೈಗೆ ಹತ್ತಿದ್ದು ಅವತ್ತು.

ಸೂಜಿ ಏಕೆ ಮುರಿಯಿತು ಎಂಬುದು ಎರಡನೆಯ ಪ್ರಶ್ನೆ. ಕೆಳ ಅಂಚಿನಲ್ಲಿ ಪದರ ಎಣಿಸಿದರು. ಏಳು. ಇನ್ನೊಂದು ಕಡೆ ಎಣಿಸಿದರು, ಅಲ್ಲೂ ಏಳು. ಕಂಬಳಿ 3 ಮಿ.ಮೀ. ದಪ್ಪ, ಆದ್ದರಿಂದ 21 ಮಿ.ಮೀ.; ಸೊಂಟಪಟ್ಟಿ ಬೇರೆ. ಆದರೆ ಎಲ್ಲ ಕಡೆ ಏಳೇ ಏಕೆ? ಐದೈದು ಮಕ್ಕಳ ಗುಂಪಿಗೆ ಹಳೆಯ ದಿನಪತ್ರಿಕೆಯ ಪಟ್ಟಿ ಕೊಟ್ಟು ಮಡಚಲು ಹೇಳಿದೆ. 7 ಇಂಚನ್ನು 1 ಇಂಚಿಗೆ ಮಡಚಿದವರಿಗೆ ಏಳು ಪದರ, 5 ಇಂಚನ್ನು ಮಡಚಿದವರಿಗೆ ಐದು. ಬಳಸಿದ ಬಟ್ಟೆಯನ್ನು ಮುಚ್ಚಿದ ಅಗಲದಿಂದ ಭಾಗಿಸಿದರೆ ಪದರ ಸಿಗುತ್ತದೆ, 105ಕ್ಕೆ 15 ಎಂದರೆ 7. ಅನುಪಾತದ ಅಧ್ಯಾಯ ನಾವು ಇನ್ನೂ ಮುಟ್ಟಿರಲಿಲ್ಲ.

ಹಾಗಾದರೆ ಮೂರು ಪದರ ಸಾಕು ಎಂದು ಮಕ್ಕಳೇ ತೀರ್ಮಾನಿಸಿದರು. ಒಂದೇ ದಿಕ್ಕಿಗೆ ಬೀಳುವ ನೆರಿಗೆಯ ಬದಲು ಬಾಕ್ಸ್ ಪ್ಲೀಟ್ ಹಾಕಿದರೆ ಎಲ್ಲೆಡೆ ಮೂರೇ ಪದರ. ಇದು ಅಡ್ಡದಾರಿಯೂ ಅಲ್ಲ. 1790ರ ದಶಕದಲ್ಲಿ ಹೊಲಿದ ಮೊದಮೊದಲ ಕಿಲ್ಟುಗಳು ಬಾಕ್ಸ್ ಪ್ಲೀಟಿನವೇ, ಅವಕ್ಕೆ ಹಿಡಿಯುತ್ತಿದ್ದದ್ದು ಸುಮಾರು 4 ಗಜ. ಎಂಟು ಗಜ, ಒತ್ತಾದ ನೆರಿಗೆ ಎಲ್ಲ ಆಮೇಲೆ ಬಂದವು. ಈಗ 15 ಇಂಚನ್ನು ಎಷ್ಟು ನೆರಿಗೆಗಳಾಗಿ ಹಂಚುವುದು? ಐದು ಎಂದ ಒಬ್ಬ, ಹದಿನೈದನ್ನು ಐದು ಸಲೀಸಾಗಿ ಭಾಗಿಸುತ್ತದೆಯಲ್ಲ. ಆದರೆ ಪೃಷ್ಠದ ಹತ್ತಿರ 15 ಇರುವುದು ಸೊಂಟದಲ್ಲಿ 13ಕ್ಕೆ ಇಳಿಯಬೇಕು. 2 ಇಂಚನ್ನು ಐದು ನೆರಿಗೆಗೆ ಹಂಚಿದರೆ ತಲಾ 2/5, ಅದು ಟೇಪಿನ ಮೇಲೆ ಇಲ್ಲ. ಹಿಂದಿನ ರಾತ್ರಿ ನಾನು 2/15 ಇಂಚನ್ನು ಟೇಪಿನಲ್ಲಿ ಹುಡುಕಿದ್ದು ನೆನಪಾಯಿತು. ತರಗತಿ ಗದ್ದಲವಾಯಿತು. ಆ ಹುಡುಗಿಯೇ, "ಟೇಪಲ್ಲಿ ಎಂಟು ಗೆರೆ ಇದೆಯಲ್ಲ ಸರ್, ಎಂಟೇ ಮಾಡಿ" ಎಂದಳು. ಎಂಟು ನೆರಿಗೆಯಾದರೆ ಪ್ರತಿಯೊಂದರಿಂದ ಇಳಿಸಬೇಕಾದದ್ದು ಸರಿಯಾಗಿ 1/4 ಇಂಚು. ನೆರಿಗೆಯ ಅಗಲ 15/8, ಅಂದರೆ 1 7/8, ಟೇಪಿನ ಮೇಲೆ ಇದೆ. ಒಂದಕ್ಕೆ ಬೇಕಾದ ಬಟ್ಟೆ ಅದರ ಮೂರರಷ್ಟು, 45/8, ಅಂದರೆ 5 5/8. ಅದೂ ಇದೆ. ಎಂಟಕ್ಕೆ 45 ಇಂಚು. ಮುಂದಿನ 42 ಸೇರಿಸಿದರೆ 87. ಕಂಬಳಿಯ ಉದ್ದ 90!

ಜೋಡಣೆಯೇ ಬೇಡ. ಒಂದೇ ಪಟ್ಟಿ ಸಾಕು. ತರಗತಿ ಚಪ್ಪಾಳೆ ತಟ್ಟಿತು, ಗಂಟೆ ಹೊಡೆಯಿತು. ಸಾಮಾನ್ಯೀಕರಣ ಆಗಲಿಲ್ಲ, ಮೌಲ್ಯಮಾಪನದ ಐದು ಪ್ರಶ್ನೆಗಳು ಆಗಲಿಲ್ಲ, ಗೃಹಪಾಠ ಕೊಡಲಿಲ್ಲ. ಪಾಠ ಅಪೂರ್ಣ.

ಇನ್ನು ನನ್ನ ಅಭಿಪ್ರಾಯ. ನಮ್ಮ ಬೋಧನೋಪಕರಣಗಳಿಗೆ ಸೋಲುವ ಅವಕಾಶವೇ ಇಲ್ಲ. ಥರ್ಮಾಕೋಲಿನ ಹೃದಯ ಎಂದೂ ನಿಲ್ಲುವುದಿಲ್ಲ. ಚಾರ್ಟಿನ ರೊಟ್ಟಿ ಯಾವತ್ತೂ ಅಸಮವಾಗಿ ಮುರಿಯುವುದಿಲ್ಲ. 'ಉಪಕರಣ ಅಚ್ಚುಕಟ್ಟಾಗಿದೆಯೇ' ಎಂಬ ಕಾಲಂ ಇದೆ; 'ಉಪಕರಣದಿಂದ ಶಿಕ್ಷಕನಿಗೂ ಗೊತ್ತಿಲ್ಲದ ಪ್ರಶ್ನೆ ಹುಟ್ಟಿತೇ' ಎಂಬ ಕಾಲಂ ಇಲ್ಲ. ಹಿಂದಿನ ತಂಡದವರ ಚಾರ್ಟುಗಳು ವರ್ಷದಿಂದ ವರ್ಷಕ್ಕೆ ಕೈ ಬದಲಾಯಿಸುವುದು ನಮಗೆಲ್ಲ ಗೊತ್ತು, ನಮ್ಮ ಗುರುಗಳಿಗೂ ಗೊತ್ತು.

ಇದೇನೂ ಹೊಸ ವಿಚಾರವಲ್ಲ. 1937ರ ವಾರ್ಧಾ ಸಮ್ಮೇಳನ, ಝಾಕಿರ್ ಹುಸೇನ್ ಸಮಿತಿ, ಕಸುಬಿನ ಮೂಲಕ ಕಲಿಕೆ: ಎಲ್ಲದರ ಮೇಲೂ ನಾವು ಹತ್ತು ಅಂಕದ ಉತ್ತರ ಬರೆಯುತ್ತೇವೆ. ತಕಲಿಯಿಂದ ಗಣಿತ ಕಲಿಸಬಹುದು ಎಂದು ಬರೆದವರಲ್ಲಿ ತಕಲಿಯನ್ನು ಮುಟ್ಟಿದವರು ನಮ್ಮ ತಂಡದಲ್ಲಿ ಒಬ್ಬರೂ ಇಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯ ಮಕ್ಕಳಿಗೆ ಸ್ಥಳೀಯ ಕುಶಲಕರ್ಮಿಗಳೊಡನೆ ಹತ್ತು ದಿನ ಚೀಲವಿಲ್ಲದೆ ಕಲಿಯಲು ಹೇಳುತ್ತದೆ. ಆ ಹತ್ತು ದಿನಗಳಲ್ಲಿ ನಾವು, ಗುಂಡಿ ಹೊಲಿಯಲು ಬಾರದ ಶಿಕ್ಷಕರು, ಏನು ಮಾಡುತ್ತೇವೆ? ಬಹುಶಃ ಫೋಟೋ ತೆಗೆಯುತ್ತೇವೆ.

ಹೊಲಿಗೆ ಹೆಂಗಸರ ಕೆಲಸ, ಲೆಕ್ಕ ಬೇರೆಯದೇ ಕೆಲಸ ಎಂಬ ಎಣಿಕೆ ನಮ್ಮ ಕಾಲೇಜಿನೊಳಗೂ ಇದೆ. ಕಾರ್ಯಾನುಭವದಲ್ಲಿ ಹೊಲಿಗೆ ಗುಂಪು ಎಂದರೆ ಹುಡುಗಿಯರು, ತೋಟಗಾರಿಕೆ ಎಂದರೆ ನಾವು. ಕಿಲ್ಟ್ ಹೊಲಿಗೆಯ ಬಗ್ಗೆ ಇಂದು ಹೆಚ್ಚಾಗಿ ನೆಚ್ಚುವ ಪುಸ್ತಕಗಳಲ್ಲಿ ಒಂದನ್ನು ಎಲ್ಸಿ ಸ್ಟ್ಯೂಮೆಯರ್ ಎಂಬ ಕಿಲ್ಟ್ ತಯಾರಕಿಯೊಡನೆ ಸೇರಿ ಬರೆದ ಬಾರ್ಬರಾ ಟ್ಯೂಕ್ಸ್‌ಬರಿ ನ್ಯೂಯಾರ್ಕ್ ರಾಜ್ಯದ ಹ್ಯಾಮಿಲ್ಟನ್ ಕಾಲೇಜಿನಲ್ಲಿ ಭೂವಿಜ್ಞಾನ ಪ್ರಾಧ್ಯಾಪಕಿಯಾಗಿದ್ದವರು. ಭೂವಿಜ್ಞಾನ ಬೋಧಿಸುವವರಿಗೆ ಪಠ್ಯಕ್ರಮ ರೂಪಿಸುವ ಕಾರ್ಯಾಗಾರಗಳನ್ನು ನಡೆಸಿದವರು ಕೂಡ. ಶಿಲಾಪದರಗಳ ಮಡಿಕೆ ಓದುವವರು ಬಟ್ಟೆಯ ಮಡಿಕೆಯ ಬಗ್ಗೆ ಬರೆದರೆ ಅಲ್ಲಿ ಯಾರಿಗೂ ಆಶ್ಚರ್ಯವಾದಂತಿಲ್ಲ.

ನನ್ನ ವಾದದ ದುರ್ಬಲ ಜಾಗಗಳು ನನಗೆ ಗೊತ್ತು. ನಲವತ್ತೈದು ಮಕ್ಕಳಲ್ಲಿ ನಿಜವಾದ ಬಟ್ಟೆ ಮುಟ್ಟಿದವರು ಆರೋ ಏಳೋ ಮಂದಿ. ದಿನಪತ್ರಿಕೆ ಇಲ್ಲದಿದ್ದರೆ ಉಳಿದವರು ತಮಾಷೆ ನೋಡುತ್ತಿದ್ದರು. ಕತ್ತರಿಯ ಭಯ ಇದ್ದೇ ಇದೆ. ನಾನು ತರಗತಿಗೆ ಕತ್ತರಿ ತರಲಿಲ್ಲ. ಬೀಜಗಣಿತದ ಎಲ್ಲ ಘಟಕಗಳಿಗೂ ಇಂಥದ್ದು ಸಿಗುವುದಿಲ್ಲ, ಎಳೆದು ತಂದರೆ ಅದು ಇನ್ನೊಂದು ಥರ್ಮಾಕೋಲ್ ಆಗುತ್ತದೆ. ಆದ್ದರಿಂದ ನಾನು ಕೇಳುವುದು ದೊಡ್ಡದೇನಲ್ಲ. ಬೋಧನಾಭ್ಯಾಸದ ಪಾಠಗಳಲ್ಲಿ ಒಂದೇ ಒಂದು, ಜೋಡಿ ಅವಧಿಯಲ್ಲಿ, ಪ್ರಶಿಕ್ಷಣಾರ್ಥಿಯೇ ಕೈಯಾರೆ ಮಾಡಿದ ಬಳಕೆಯ ವಸ್ತುವಿನ ಮೇಲೆ ನಡೆಯಲಿ. ಅದು ಕೆಟ್ಟಿದ್ದರೂ ಅಂಕ ಕಡಿಯದಿರಲಿ, ಏಕೆ ಕೆಟ್ಟಿತು ಎಂಬುದನ್ನು ತರಗತಿ ಕಂಡುಹಿಡಿಯಿತೇ ಎಂದು ನೋಡಲಿ. ಕಾರ್ಯಾನುಭವದ ಗುಂಪುಗಳನ್ನು ಚೀಟಿ ಎತ್ತಿ ಹಂಚಲಿ.

ಕಿಲ್ಟ್ ಏನಾಯಿತು ಎಂದು ಕೇಳುವವರಿಗೆ: ಹೊಲಿಗೆ ಬಿಚ್ಚಿ, ಒಂದೇ ಪಟ್ಟಿಯಲ್ಲಿ ಎಂಟು ನೆರಿಗೆ ಹಿಡಿದೆವು. ಶಾಲೆ ಬಿಟ್ಟ ಮೇಲೆ ಎರಡು ಸಂಜೆ. ಸೊಂಟದ ಭಾಗದ ಹೊಲಿಗೆಯನ್ನು ಕೈಯಲ್ಲೇ ಹಾಕಿದೆವು, ಸ್ಕಾಟ್ಲೆಂಡಿನಲ್ಲೂ ಸಾಂಪ್ರದಾಯಿಕ ಕಿಲ್ಟನ್ನು ಕೈಯಲ್ಲೇ ಹೊಲಿಯುತ್ತಾರೆ. ಆ ಹುಡುಗಿ ನಾಲ್ಕು ನೆರಿಗೆ ಹೊಲಿದಳು, ಹುಡುಗ ಎರಡು, ನಾನು ಎರಡು. ನನ್ನವು ಯಾವುವು ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿದಾಗ ಹಳೆಯ ಸೂಜಿಯ ತೂತುಗಳು ಮುಚ್ಚಿಕೊಂಡವು, ನೆರಿಗೆ ಚಾಕುವಿನಂತೆ ನಿಂತಿತು. ಬಿಸಿ ಆವಿಗೆ ಉಣ್ಣೆಯ ಕೆರಾಟಿನ್‌ನೊಳಗಿನ ಹೈಡ್ರೋಜನ್ ಬಂಧಗಳು ಸಡಿಲಿ, ತಣಿದಾಗ ಹೊಸ ಆಕಾರದಲ್ಲಿ ಕೂಡಿಕೊಳ್ಳುತ್ತವೆ. ಕೂದಲು ನೇರ ಮಾಡುವ ಯಂತ್ರದ ಕೆಲಸವೂ ಅದೇ ಎಂದಾಗ ಹುಡುಗಿಯರು ಕೇಳಿದ ಪ್ರಶ್ನೆಗಳಿಗೆ ಇನ್ನೊಂದು ಪಾಠವೇ ಬೇಕಾಗುತ್ತಿತ್ತು.

ವಾರ್ಷಿಕೋತ್ಸವದ ದಿನ ಹುಡುಗ ಅದನ್ನು ತೊಟ್ಟು ವೇದಿಕೆಗೆ ಹೋದ. ಹಿಂದಿನಿಂದ ಯಾರೋ ಶಿಳ್ಳೆ ಹಾಕಿದರು. ಅವನು ಮೈಕಿನ ಮುಂದೆ ನಿಂತು, ಹೇಳಿಕೊಟ್ಟದ್ದನ್ನು ಬಿಟ್ಟು, "ಇದು ಲಂಗ ಅಲ್ಲ, ಕಿಲ್ಟ್. ಇದಕ್ಕೆ ಎಂಟು ನೆರಿಗೆ, ಎರಡು ನಾನೇ ಹೊಲಿದದ್ದು" ಎಂದು ಹೇಳಿ ಇಳಿದು ಬಂದ.

ಎರಡನೆಯ ಕಂಬಳಿ ಇನ್ನೂ ಇಡಿಯಾಗಿದೆ. ಮುಂದಿನ ತಿಂಗಳ ಅಭ್ಯಾಸಕ್ಕೆ ನನಗೆ 9ನೇ ತರಗತಿ ಸಿಕ್ಕಿದೆ. ಬೇರೆ ವಿಧಾನದವರು ಯಾರಾದರೂ ಜೊತೆಗೂಡುವುದಾದರೆ ಬನ್ನಿ. 18ನೇ ನಂಬರಿನ ಸೂಜಿ ನಾಲ್ಕಾರು ಇರಲಿ. ಅಮ್ಮನ ಮಿಷನ್ ಈ ಸಲ ಸಿಗುವುದಿಲ್ಲ.